ಬೆನ್ನುಗಳ ಭಾನುವಾರ

ಮುಖ ಕೇಳಬೇಡಿ, ಬೆನ್ನು ಕೇಳಿ, ಹೇಳುತ್ತೇನೆ.
ಎರಡು ಚಳಿಗಾಲದಿಂದ ಇವರ ಹಿಂದೆಯೇ ಇದ್ದೇನೆ.

ನೂರುಲ್ಲನದು ಕಮಾನು.
ವಾರವಿಡೀ ಗ್ಯಾರೇಜಿನಲ್ಲಿ ಬಾಗಿದ್ದು
ಭಾನುವಾರವೂ ನೆಟ್ಟಗಾಗದು.
ಜೆಸಿಂತಾಳ ಬೆನ್ನಿನಲ್ಲಿ ಬೆವರು
ಹರಕೆರೆಯ ಹತ್ತಿರ ಒಂದು ಹೋಬಳಿ,
ಗಾಜನೂರು ದಾಟುವಾಗ ತಾಲೂಕು,
ಸಕ್ರೆಬೈಲಿಗೆ ಜಿಲ್ಲೆ ಪೂರ್ತಿ.
ಪಾಲಾಕ್ಷಪ್ಪ ಮೇಷ್ಟ್ರದು ಕರಿಹಲಗೆ:
ಅಗಲ, ಕಪ್ಪು ಅಂಗಿ, ನಡುವೆ ಉಪ್ಪಿನ ಬಿಳಿ ಗೆರೆ.
ಅರವತ್ತೆರಡರ ಆ ಮನುಷ್ಯ ಏರು ಬಂದರೆ
ಹತ್ತೊಂಬತ್ತರ ಮಗ್ಗಿ ಶುರು ಮಾಡುತ್ತಾರೆ.
ಏರು ಮುಗಿಯದಿದ್ದರೆ ಮಗ್ಗಿಯೂ ಮುಗಿಯದು.

ಐದೂಕಾಲಿಗೆ ಮಂಡ್ಲಿಯ ಹಾಲಿನ ಬೂತಿನೆದುರು
ಟೈರು ಒತ್ತಿ ನೋಡುವ ಹೆಬ್ಬೆರಳುಗಳು,
‘ಬಂದ್ಯಾ?’ ಎಂಬ ಒಂದೇ ಮಾತು.
ಆಮೇಲೆ ಮಂಜು. ಮಂಜಿನೊಳಗೆ ಕೆಂಪು ದೀಪ ಮೂರು.
ಮೂರನೆಯದರ ಹಿಂದೆ ನಾನು,
ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಕಣ ಎಣಿಸುವ ಹಾಲೇಶ.
ಫೆಬ್ರವರಿಗೆ ಶೃಂಗೇರಿಗೆ ಹೋಗಿ ಬರಬೇಕು,
ಇನ್ನೂರು ಕಿಲೋಮೀಟರು, ಹದಿಮೂರೂವರೆ ತಾಸು.
ಅದಕ್ಕೇ ಈ ಅಭ್ಯಾಸ, ಈ ತೊಡೆನೋವು,
ಹೆಂಡತಿಯ ದೃಷ್ಟಿಯಲ್ಲಿ ಈ ಹುಚ್ಚು.

‘ಮುಂದಿನ ಗಾಲಿಗೆ ಒಂದು ಮೊಳ ಬಿಡು,’
ನೂರುಲ್ಲ ಮೊದಲ ದಿನವೇ ಹೇಳಿದ್ದ,
‘ಹೆಚ್ಚು ಬಿಟ್ಟರೆ ಗಾಳಿ ನಿಂದು,
ಕಮ್ಮಿ ಬಿಟ್ಟರೆ ಹಲ್ಲಿಗೆ ನಾನು ಜವಾಬ್ದಾರನಲ್ಲ.’
ಒಂದು ಮೊಳ ಬಿಟ್ಟೆ. ಗಾಳಿ ಅವರದಾಯಿತು.
ಕಾಫಿಗೆ ದುಡ್ಡು ಕೊಟ್ಟಿದ್ದೇನೆ, ಬಾಳೆಹಣ್ಣು ತಂದಿದ್ದೇನೆ,
ಗಾಳಿಯ ಬಾಕಿ ಮಾತ್ರ ಹಾಗೇ ಇತ್ತು.

ರಸ್ತೆಯಲ್ಲಿ ಹೊಂಡ ಕಂಡರೆ ಮುಂದಿನವರು ಕೂಗಬೇಕು.
‘ಗುಂಡಿ!’ ನೂರುಲ್ಲ,
‘ಗುಂಡಿ!’ ಜೆಸಿಂತಾ,
‘ಗುಂಡಿ!’ ಮೇಷ್ಟ್ರು.
ನನ್ನ ಹಿಂದೆ ಯಾರೂ ಇಲ್ಲ.
ಆದರೂ ‘ಗುಂಡಿ’ ಅನ್ನುತ್ತೇನೆ, ಸಣ್ಣಗೆ,
ತೇಗದ ಸಾಲಿಗೆ, ಮೋರಿಯ ಮೇಲಿನ ನಾಯಿಗೆ.
ಬಾಯಿಗೆ ಬಂದದ್ದನ್ನು ನುಂಗಬಾರದಲ್ಲ.

ಸಕ್ರೆಬೈಲಿನಲ್ಲಿ ನೀರಿಗಿಳಿದ ಆನೆ,
ತೆಂಗಿನ ನಾರಿನಲ್ಲಿ ಉಜ್ಜುವ ಮಾವುತ.
ಅಲ್ಲೂ ಬೆನ್ನೇ.

ಮಂಡಗದ್ದೆಯಲ್ಲಿ ಹಕ್ಕಿಗಳು ಬಿಟ್ಟುಹೋದ ಗೂಡುಗಳು,
ಹೊಳೆಯ ಮೇಲೆ ಹೊಗೆಯಂಥ ಬೆಳಕು,
ಬಿಸಿ ಕಡುಬು, ಕಾಯಿಚಟ್ನಿ, ಒಂದೇ ಬೆಂಚು ಎರಡು ಕಡೆ.
ಎದುರುಬದುರು ಕೂತಾಗ ಮಾತ್ರ
ಇವರು ಯಾರೋ ಅನ್ನಿಸುತ್ತದೆ ನನಗೆ.
ಜೆಸಿಂತಾಳ ಗಲ್ಲದಲ್ಲಿ ಮಚ್ಚೆ ಇದೆಯಂತೆ, ಇದ್ದೇ ಇತ್ತಂತೆ.
ಮೇಷ್ಟ್ರು ಮೊಣಕಾಲಿಗೆ ಕರವಸ್ತ್ರ ಬಿಗಿದು,
ಚಟ್ನಿ ಒರೆಸಿದ ಬೆರಳನ್ನೇ ನೋಡುತ್ತಾ,
‘ಹಾಲೇಶ,’ ಅಂದರು,
‘ಇವತ್ತು ನಿನ್ನ ಜಾಗ ನನಗೆ ಕೊಡು ಮಾರಾಯ.’

ಯಾರೂ ಏನೂ ಅನ್ನಲಿಲ್ಲ.
ಹೋಟೆಲಿನವಳು ಲೋಟ ತೊಳೆಯುತ್ತಿದ್ದಳು.

ವಾಪಸು ದಾರಿಗೆ ಮೂಡಗಾಳಿ.
ಸರದಿ ಬಂತು, ಎರಡು ಕಲ್ಲಿನಷ್ಟು ದೂರ ಮುಂದೆ ನಾನು.
ನೋಡಲು ಯಾವ ಬೆನ್ನೂ ಇಲ್ಲ.
ಬರೀ ರಸ್ತೆ, ಬಾಯಿ ತೆರೆದರೆ ಒಳಗೇ ನುಗ್ಗುವ ಚಳಿ,
ಎಣಿಕೆ ತಪ್ಪಿದ ನನ್ನದೇ ಎದೆ.
ಎರಡು ವರ್ಷ ಇವರು ಇದನ್ನೇ ತಿಂದದ್ದಾ,
ನಾನು ಹಿಂದೆ ಹಾಯಾಗಿ ಬೆನ್ನು ಓದುತ್ತಿದ್ದಾಗ?

ಬಿದಿರು ಮೆಳೆಯ ತಿರುವಿನಲ್ಲಿ ಕಂಡಿತು.
‘ಗುಂಡಿ!’
ಇಷ್ಟು ಗಟ್ಟಿಯಾಗಿ ಎಂದೂ ಕೂಗಿದ್ದಿಲ್ಲ.
ಹಿಂದೆ ಜೆಸಿಂತಾ ‘ಗುಂಡಿ’,
ಅದರ ಹಿಂದೆ ನೂರುಲ್ಲ,
ಆಮೇಲೆ, ಬಹಳ ಹಿಂದೆ,
ಖಾಲಿ ರಸ್ತೆಗೆ ಸಣ್ಣಗೆ ಹೇಳಿದ
ಮೇಷ್ಟ್ರ ದನಿ.

ಪೆಡಲು ಒಂದು ಸುತ್ತು ಮರೆತೆ.

ಅಷ್ಟರಲ್ಲಿ ಜೆಸಿಂತಾಳ ನಗು:
‘ಹಾಲೇಶಣ್ಣ, ಕಾಲರಿಗೆ ಲಾಂಡ್ರಿ ಚೀಟಿ!
ನೂರ ನಲವತ್ತೇಳು!’
ಹಳೇ ಡ್ಯೂಟಿ ಅಂಗಿ. ಯಾವಾಗಿಂದ ಇತ್ತೋ,
ನೋಡಲು ಹಿಂದೆ ಯಾರಿದ್ದರು?
ನೂರುಲ್ಲ ಮೇಷ್ಟ್ರಿಗೆ ಕೂಗಿ ಹೇಳಿದ, ಅವರೂ ನಕ್ಕರು.
ಕೀಳೋಣವೆಂದರೆ ಕೈ ಬಿಡುವಂತಿಲ್ಲ,
ಗಾಳಿ ಹ್ಯಾಂಡಲನ್ನು ಎಳೆಯುತ್ತಿದೆ.
ಇರಲಿ, ಓದಿಕೊಳ್ಳಲಿ.
ಎರಡನೇ ಕಲ್ಲು ಇನ್ನೂ ಕಾಣುತ್ತಿಲ್ಲ.