ಎರಡೂಮುಕ್ಕಾಲು ತೊಲ

ಮೂರಿದ್ದರೆ ಒಂದನ್ನು ಬಿಡಬೇಕು, ಹೊಸ ಕಾಯಿದೆ.
ಆಲ್ದೂರಿನ ಜಯಶೀಲಮ್ಮ ಜೀಪಿನ ಹಿಂದುಗಡೆ
ಕಂಬಳಿ ಸುತ್ತಿ ಮೂರನ್ನೂ ತಂದರು
ಚಿಕ್ಕಮಗಳೂರಿಗೆ, ಮಾರ್ಕೆಟ್ ರಸ್ತೆಗೆ, ನನ್ನ ಅಂಗಡಿಗೆ.
ತೋಟಾಕೋವಿ ಇರಲಿ, ಕೋತಿ ಹೆದರಿಸೋಕೆ ಬೇಕು.
ಉಳಿದೆರಡರಲ್ಲಿ ಯಾವುದು, ಖಲಂದರ್ ಸಾಬ್ರೆ?

ಗೋಣಿ ಹಾಸಿ ಮೇಜಿನ ಮೇಲೆ ಮಲಗಿಸಿದೆ.
ಒಂದು ನಾನೂರೆಪ್ಪತ್ತು, ಜೋಡಿ ನಳಿಗೆ,
ಬೀಗದ ತಟ್ಟೆಯ ತುಂಬ ಬಳ್ಳಿ ಕೊರೆದದ್ದು,
ಎತ್ತಿದರೆ ಎಳೆಗೂಸಿನ ಹಾಗೆ ತೋಳಿಗೆ ಒರಗುತ್ತದೆ.
ಇನ್ನೊಂದು ಮುನ್ನೂರೆಪ್ಪತ್ತೈದು, ಒಂಟಿ ನಳಿಗೆ,
ಬೋಲ್ಟ್ ಎಳೆಯುವಂಥದ್ದು. ಮರದ ಬಣ್ಣ ಹೋಗಿದೆ,
ಪಟ್ಟಿಯ ಕೊಂಡಿಗೆ ಬೇಲಿತಂತಿ ಬಿಗಿದಿದ್ದಾರೆ.

ಅಜ್ಜ ಆನೆ ಹೊಡೆದದ್ದು ಜೋಡಿಯಲ್ಲಿ, ಅಂದರು.
ಐವತ್ತೆಂಟನೇ ಇಸವಿ. ಮೂವರನ್ನು ತುಳಿದ ಒಂಟಿಸಲಗ.
ಸರ್ಕಾರದ ಹುಕುಂ. ಹದಿನೈದು ಹೆಜ್ಜೆ ದೂರ.
ಗೊತ್ತು ನನಗೆ. ಆ ಕಥೆ ಕೇಳುತ್ತಲೇ
ಅಬ್ಬನ ಎದುರು ಕೂತು ಅರ ಹಿಡಿಯೋದು ಕಲಿತವನು ನಾನು.

ಪಕ್ಕದ ಚಿನಿವಾರರ ತಕ್ಕಡಿ ತರಿಸಿದೆ.
ಅಬ್ಬ ಬಿಚ್ಚಿಟ್ಟಿದ್ದ ಹಳೇ ಗುಂಡುಗಳು ಡ್ರಾಯರಿನಲ್ಲಿದ್ದವು:
ದೊಡ್ಡದು ಎರಡೂಮುಕ್ಕಾಲು ತೊಲ,
ಚಿಕ್ಕದು ಒಂದೂಮುಕ್ಕಾಲಿಗೆ ಚೂರು ಕಮ್ಮಿ.
ದೊಡ್ಡದು ದೊಣ್ಣೆ, ಅಮ್ಮ. ಮಿದುಳು ತಪ್ಪಿದರೂ
ತಲೆಗೆ ಬಿದ್ದರೆ ಸಲಗ ಮಂಡಿಯೂರುತ್ತದೆ,
ಎರಡನೆಯದಕ್ಕೆ ಬೆರಳು ಸರಿಸಿದರೆ ಸಾಕು.
ಚಿಕ್ಕದು ದಬ್ಬಳ. ಜೇನುಹುಟ್ಟಿನಂಥ ಆ ಮೂಳೆಯೊಳಗೆ
ನೆಟ್ಟಗೆ ಹೊಕ್ಕು, ಹೋಗಬೇಕಾದಲ್ಲಿಗೆ ಹೋಗುತ್ತದೆ,
ಕಳಿಸಿದವನಿಗೆ ದಾರಿ ಗೊತ್ತಿದ್ದರೆ.
ಗೊತ್ತಿಲ್ಲದವನಿಗೆ ದೊಡ್ಡದೇ ವಾಸಿ ಅನ್ನುತ್ತಾರೆ.
ಅಬ್ಬ ಒಪ್ಪುತ್ತಿರಲಿಲ್ಲ:
ಭುಜದ ಪೆಟ್ಟಿಗೆ ಹೆದರಿ ಕಣ್ಣು ಮುಚ್ಚಿದವನ ಗುಂಡು
ಎಷ್ಟು ತೊಲವಾದರೇನು, ಹಲಸಿನ ಮರಕ್ಕೆ.

ಜಯಶೀಲಮ್ಮನ ಮೊಬೈಲು ಕುಂಯ್‌ಗುಟ್ಟಿತು.
ಕೊರಳಪಟ್ಟಿಯ ಹೆಣ್ಣಾನೆ ಹಿಂಡಿನ ಜೊತೆ ಇವರ ತೋಟದಲ್ಲಿದೆ,
ಸಂಜೆಯೊಳಗೆ ಆಳುಗಳನ್ನು ಮನೆಗೆ ಕಳಿಸಿ ಅಂತ ಇಲಾಖೆ.
ಓದಿ ನಕ್ಕರು. ಈಗ ಇದೊಂದು ಸಾಕು ನೋಡಿ,
ತೊಲ ಗಿಲ ಏನೂ ಬೇಡ.

ಆದರೂ ಕಸುಬು ಕಸುಬೇ. ಜೋಡಿಯನ್ನು ಮುರಿದು
ಟ್ಯೂಬ್‌ಲೈಟಿಗೆ ಹಿಡಿದೆ. ಬಲ, ಎಡ.
ಸುರುಳಿಗೆರೆ ಎರಡರಲ್ಲೂ ಕನ್ನಡಿ.
ವಿಲಾಯತಿಯಲ್ಲಿ ಪರೀಕ್ಷೆಗೆ ಹೊಡೆದದ್ದು ಬಿಟ್ಟರೆ
ಇದು ಬಾಯೇ ತೆರೆದಿಲ್ಲ.
ಒಂಟಿಯದನ್ನು ನೋಡಿದೆ. ಗಂಟಲು ಸವೆದಿದೆ.
ಹಿಡಿಯ ಬಲಮಗ್ಗುಲೂ ಸವೆದಿದೆ,
ಎಡಗೆನ್ನೆ ಒತ್ತಿ ಒತ್ತಿ, ಬೆವರು ಕುಡಿದು ಕಪ್ಪಗೆ.

ನಿಮ್ಮಜ್ಜ ಎಡಚರೇ, ಅಮ್ಮ?

ಇಲ್ಲವಲ್ಲ.
ಎಡಚ ಅಂದರೆ ಸಿಂಗ್ರ. ಅಜ್ಜನ ಹಿಂದೆ
ಎರಡನೇ ಕೋವಿ ಹೊರುತ್ತಿದ್ದನಂತೆ.
ಎಡಗೈಲಿ ಕತ್ತಿ ಬೀಸಿದರೆ ಲಂಟಾನ ತಾನಾಗಿ ದಾರಿ ಬಿಡ್ತಿತ್ತು ಅಂತ
ಅಮ್ಮ...
ಅಂದವರು ಅಲ್ಲೇ ನಿಂತರು.

ನಾನು ಎಣ್ಣೆಬಟ್ಟೆ ಹುಡುಕುವವನ ಹಾಗೆ ಒಳಗೆ ಹೋದೆ.
ಬಂದಾಗ ಅವರು ಚಿಕ್ಕದನ್ನು ಎತ್ತಿ
ಎಡಗೆನ್ನೆಗೆ ಆನಿಸಿ ನೋಡುತ್ತಿದ್ದರು, ಒಗ್ಗದೆ,
ಎದುರುಗಡೆ ಬೇಕರಿಯ ಬೋರ್ಡಿಗೆ ಗುರಿಯಿಟ್ಟು.

ಜೋಡಿ ಬರೆದುಕೊಳ್ಳಿ. ಅದನ್ನೇ ಒಪ್ಪಿಸ್ತೀನಿ.

ನಿಜ ಹೇಳಲೇ, ನನ್ನ ಹೊಟ್ಟೆ ಉರಿಯಿತು.
ಅಂಥ ಬೀಗ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ.
ಬಳ್ಳಿಯ ಎಲೆಎಲೆಗೂ ಎಣ್ಣೆ ಒರೆಸಿದೆ,
ಠಾಣೆಯ ಉಗ್ರಾಣದ ತುಕ್ಕು ಯಾವ ಬಳ್ಳಿಯನ್ನು ನೋಡುತ್ತದೆ?

ರಿಜಿಸ್ಟರು ತೆಗೆದೆ. ನಂಬರು, ಬೋರು, ಲೈಸೆನ್ಸುದಾರರು,
ತಂದೆಯ ಹೆಸರು, ಊರು.
ಚಿಕ್ಕದರ ಸಾಲಿನಲ್ಲಿ ಅವರು ಬೆರಳಿಟ್ಟು ಕೇಳಿದರು,
ಇಲ್ಲಿ ಇನ್ನೊಂದು ಹೆಸರು ಬರೆಯೋಕೆ ಜಾಗ ಇದೆಯೇ?
ಇಲ್ಲ ಅಮ್ಮ, ಮನೆ ಇರೋದು ಒಬ್ಬರಿಗೆ.

ಇನ್ನೂರೈವತ್ತು ಕೂಲಿ ಇಸಿದುಕೊಂಡೆ.
ತಕ್ಕಡಿಯಲ್ಲಿ ಮರೆತ ಗುಂಡನ್ನು
ಸಂಜೆ ಚಿನಿವಾರರ ಹುಡುಗ ತಂದುಕೊಟ್ಟ.