ಕುದುರೆಕೂದಲು

ಮೋರಿ ಕಟ್ಟಿಕೊಂಡಿತ್ತು. ಅಷ್ಟೇ ನನಗೆ ಮೊದಲು ಗೊತ್ತಾದದ್ದು.
ಶೆನಂಡೋವಾ, ಭಾನುವಾರ, ಪೂಜೆಯ ಗಂಟೆಗೂ ಮುಂಚೆ;
ಹಾಲಿನ ತುಂಬ ರಾತ್ರಿಯ ಸಿಗಾರಿನ ಬೂದಿ, ಕಡಲೆಕಾಯಿ ಸಿಪ್ಪೆ,
ಮೂರನೆಯ ಸಾಲಿನಲ್ಲಿ ಯಾರದೋ ಒಂಟಿ ಬೂಟು.
ಗೆದ್ದ ಖುಷಿಗೆ ಬರಿಗಾಲಲ್ಲೇ ಮನೆಗೆ ಹೋಗಿರಬೇಕು.

ನಾನು ಒನಾ. ನೆಲ ಒರೆಸುವವಳು, ಟವೆಲು ಒಗೆಯುವವಳು.
ಗಂಡ ಕಲ್ಲಿದ್ದಲ ಗಣಿಯೊಳಗೇ ಉಳಿದುಬಿಟ್ಟ ಮೇಲೆ
ಹನ್ನೊಂದು ವರ್ಷ ಪರಗಂಡಸರ ಬೆವರು ಹಿಂಡಿದ್ದೇನೆ.
ರಕ್ತಕ್ಕೆ ತಣ್ಣೀರು; ಬಿಸಿನೀರು ಹಾಕಿದರೆ ಕಲೆ ನಿಲ್ಲುತ್ತದೆ.
ಬಾಕ್ಸಿಂಗಿನ ಬಗ್ಗೆ ನನಗೆ ತಿಳಿದದ್ದು ಇಷ್ಟು.

ಕೈ ಹಾಕಿದೆ ಮೋರಿಗೆ. ಎಳೆದಷ್ಟೂ ಬಂತು,
ಒದ್ದೆ, ಕಂದು, ಒರಟು, ಗುಂಗುರು ಗುಂಗುರು.
ಹೆಂಗಸಿನ ಜಡೆಯೇನೋ ಅಂದುಕೊಂಡು ಬೆಚ್ಚಿದೆ.
ಮೂಗಿಗೆ ಹಿಡಿದರೆ ಲಾಯ;
ಅಪ್ಪನ ಗಾಡಿಯ ಕುಂಟು ಕುದುರೆ
ಕಡಲಿನಾಚೆಯಿಂದ ಬಂದು ಪಕ್ಕದಲ್ಲಿ ನಿಂತ ಹಾಗೆ.

ಎರಡು ಕೈಗವಸಿನ ಹೊಟ್ಟೆಯೊಳಗೆ ಇರಬೇಕಾದಷ್ಟು ಕೂದಲು.

ಹಿಂದಿನ ರಾತ್ರಿ ನಮ್ಮ ಸ್ತಾಸಿಸ್ ಗೆದ್ದಿದ್ದ.
ಎದುರಾಳಿ ಮಹನಾಯ್ ಸಿಟಿಯ ವೇಲ್ಸ್ ಹುಡುಗ, ಎಮ್ರಿಸ್ ಪ್ರಾಸರ್,
ಚಾಪೆಲ್ಲಿನಲ್ಲಿ ಹಾಡುವವನು, ಕಲ್ಲುತಲೆಯವನೆಂದೇ ಹೆಸರಾದವನು;
ನಾಲ್ಕನೇ ಸುತ್ತಿಗೇ ಅವನ ಮುಖ
ಯಾರೋ ಮೆಟ್ಟಿದ ಬೀಟ್‌ರೂಟು.
ರೆಫರಿ ಗಡಿಯಾರ ನೋಡಿದ. ಜನ ಇನ್ನೂ, ಇನ್ನೂ ಅಂದರು.
ಜನ ಅಂದರೆ ಯಾರೋ ಅಲ್ಲ:
ಬಾಗಿಲ ಬಳಿ ಬಕೆಟ್ಟು ಬೋರಲು ಹಾಕಿ ನಾನೂ ಹತ್ತಿ ನಿಂತಿದ್ದೆ.
ಎಂಟನೆಯದರಲ್ಲಿ ಅವನು ಬಿದ್ದ ಸದ್ದು
ಬಿದ್ದ ಸದ್ದಿನ ಹಾಗಿರಲಿಲ್ಲ,
ಯಾರೋ ಏನನ್ನೋ ಮೆಲ್ಲಗೆ ಕೆಳಗಿಟ್ಟ ಹಾಗಿತ್ತು.

ಸ್ತಾಸಿಸ್ ಮಂಗಳವಾರ ಸಿಕ್ಕ. ಬೆರಳಗೆಣ್ಣು ಊದಿತ್ತು.
"ಕೈ ಹಗುರವಾಗಿತ್ತು ತೇತಾ," ಅಂದ, "ದೇವರ ದಯೆ ಅಂದುಕೊಂಡೆ."
ಮೊದಲ ಪರಮಪ್ರಸಾದಕ್ಕೆ ಅವನ ಅಂಗಿ ಹೊಲಿದವಳು ನಾನು.
ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ.
ನಂಬಿದೆನೋ, ನಂಬಬೇಕೆನಿಸಿತೋ.
ಡಬ್ಬಿ ಮನೆಯ ಕಿಟಕಿಯ ಮೇಲಿತ್ತು,
ಬಾಯಿ ಮುಚ್ಚಿಕೊಂಡು, ನನ್ನ ಹಾಗೆ.

ಸುದ್ದಿಗೆ ನನ್ನ ಬಾಯಿ ಬೇಕಾಗಲಿಲ್ಲ.
ಯಾರೋ ಗವಸು ತೂಗಿದರು, ಪತ್ರಿಕೆ ತೂಕ ಬರೆಯಿತು.
ಇದು ಆಟವಲ್ಲ, ಕಸಾಯಿಖಾನೆ, ಅಂದರು ಪಾದ್ರಿ ಪೀಠದ ಮೇಲಿಂದ.
ಮೇಯರು ಕೈ ತೊಳೆದುಕೊಂಡ, ತರಬೇತುದಾರ ಕೈ ಕೊಡವಿದ,
ಮ್ಯಾನೇಜರ್ ಹ್ಯಾಗರ್ಟಿ ಊರನ್ನೇ ಕೈಬಿಟ್ಟು ರೈಲು ಹತ್ತಿದ.
ಹಾಲಿಗೆ ಬೀಗ. ಆಮೇಲೆ ರೋಲರ್ ಸ್ಕೇಟಿಂಗು,
ಟಿಕೆಟ್ಟು ಹದಿನೈದು ಸೆಂಟು.

ಅದಲ್ಲ ನನ್ನ ಸಂಕಟ.
ನಮ್ಮೂರ ಹಳೆಯ ಗೆಲುವುಗಳೆಲ್ಲ ಒಂದೊಂದಾಗಿ ಸೋಲತೊಡಗಿದವು.
ಬಾರಿನ ಗೋಡೆಯಿಂದ ಫೋಟೋ ಇಳಿದವು.
ಮೂವತ್ತೊಂದರ ಪಂದ್ಯ? ಅದೂ ಅಷ್ಟೇ ಇರಬೇಕು.
ಗಣಿ ಸಂಘದ ಪಿಕ್ನಿಕ್ಕಿನಲ್ಲಿ
ನನ್ನ ಕಾಜಿಸ್ ಗೆದ್ದ ತಗಡಿನ ಲೋಟ?
ಬ್ರೆಡ್ಡಿನ ಸಾಲಿನಲ್ಲಿ ಒಬ್ಬಳು ನಕ್ಕಳು:
ಅವನೇನು ತೆಗೆದಿದ್ದನೋ, ಏನು ತುಂಬಿದ್ದನೋ.
ಅವನು ಹಳೇ ಚಿಂದಿ ಸುತ್ತಿಕೊಂಡು ಹೊಡೆದಿದ್ದ,
ಎರಡು ಹಲ್ಲು ಕೊಟ್ಟು ಲೋಟ ತಂದಿದ್ದ.
ಯಾರಿಗೆ ಹೇಳಲಿ, ಹಲ್ಲು ಕೂಡ ಅವನ ಜೊತೆಗಿಲ್ಲ.

ಮೂರನೆಯ ವಾರ ಬಸ್ಸು ಹತ್ತಿ ಕಮಿಷನ್ ಕಚೇರಿಗೆ ಹೋದೆ.
ಹಂದಿಕೊಬ್ಬಿನ ಡಬ್ಬಿ ತೆರೆದು ಮೇಜಿನ ಮೇಲಿಟ್ಟೆ.
ಒಣಗಿ ಉಬ್ಬಿತ್ತು ಕೂದಲು, ಉಸಿರು ಸಿಕ್ಕ ಹಾಗೆ.
ಇಷ್ಟು ದಿನ ಏಕೆ ಸುಮ್ಮನಿದ್ದೆ ಅಂತ ಗುಮಾಸ್ತ ಕೇಳಲಿಲ್ಲ.
ಕೇಳಿದ್ದರೆ ಚೆನ್ನಾಗಿತ್ತು.
ರಸೀದಿ ಬರೆದುಕೊಟ್ಟ: ಕೂದಲು, ಒಂದು ಡಬ್ಬಿ.

ಬರುವಾಗ ಮಹನಾಯ್ ಸಿಟಿಯಲ್ಲಿ ಬಸ್ಸು ನಿಂತಿತು.
ಒಂದು ಮನೆಯ ಮುಂದೆ ಹುಡುಗನೊಬ್ಬ ಕುರ್ಚಿಯಲ್ಲಿ ಕೂತಿದ್ದ,
ಕಪ್ಪು ಕನ್ನಡಕ; ತಾಯಿ ಚಮಚದಿಂದ ಏನೋ ಕುಡಿಸುತ್ತಿದ್ದಳು.
ಅವನೇ ಹೌದೋ, ಅಲ್ಲವೋ.
ನಾನು ಇಳಿಯಲಿಲ್ಲ.
ಕೋಟಿನ ತೋಳಿಗೆ ಒಂದೆಳೆ ಅಂಟಿಕೊಂಡು ಬಂದಿತ್ತು,
ಬಸ್ಸು ಹೊರಡುವ ತನಕ ತಲೆ ತಗ್ಗಿಸಿ
ಅದನ್ನೇ ಕೀಳುತ್ತಿದ್ದೆ.