ಹೋಲಿಕೆಯ ದಡ

ತದಡಿಯ ಮಕ್ಕಳಿಗೆ ದಿನಕ್ಕೊಂದು ಮೊಟ್ಟೆ, ಎರಡು ಚಮಚ ಪುಡಿ,
ವಾರಕ್ಕೊಮ್ಮೆ ಮನೆಬಾಗಿಲಿಗೆ ಬಂದು
ಕೂಸಿನೊಡನೆ ಆಡುವುದು ಹೇಗೆಂದು ಕಲಿಸುವ ಒಬ್ಬ ಟೀಚರಕ್ಕ.
ಹೊಳೆಯಾಚೆ ಅಘನಾಶಿನಿ ಊರಿನ ಮಕ್ಕಳಿಗೆ
ನಾನು.

ನಾನೆಂದರೆ ತೂಕದ ಜೋಳಿಗೆ, ಮಡಚುವ ಹಲಗೆ,
ತೋಳಿಗೆ ಸುತ್ತುವ ಕೆಂಪು ಹಳದಿ ಹಸಿರು ಪಟ್ಟಿ,
ಮೂವತ್ತೆರಡು ಪುಟದ ಪ್ರಶ್ನಾವಳಿ.
ಏನನ್ನೂ ಕೊಡದಿರುವುದೇ ನನ್ನ ಕೆಲಸ.
ಒಂದು ಬಿಸ್ಕತ್ತು ಕೊಟ್ಟರೂ ಲೆಕ್ಕ ಕೆಡುತ್ತದೆ
ಎಂದಿದ್ದರು ಕಾರವಾರದ ಹೋಟೆಲಿನ ತರಬೇತಿಯಲ್ಲಿ,
ಊಟದ ಬಿಡುವಿಗೆ ಸ್ವಲ್ಪ ಮುಂಚೆ.

ಎರಡು ವರ್ಷದ ಹಿಂದೆ ತೂಗಿ ಹೋಗಿದ್ದೆ.
ಈಗ ಮತ್ತೆ ದೋಣಿ ದಾಟಿ ಬಂದಿದ್ದೇನೆ.
ಇಳಿತದ ಹೊತ್ತು. ಹೆಂಗಸರು ಸೊಂಟದ ನೀರಿನಲ್ಲಿ
ಕಾಲಿನಿಂದಲೇ ತಡಕುತ್ತಾರೆ ಬಳಚು.
ಹೊನ್ನಮ್ಮ ಅಂಬಿಗ ಬುಟ್ಟಿ ಇಳಿಸಿ ಕೇಳಿದಳು:
"ಮತ್ತೆ ತೂಗೂಕೆ ಬಂದ್ರಾ?
ಹೋದ ಸಲ ತೂಗಿದ್ದು ಎಂತಾ ಆಯ್ತು?
ತೂಗಿದ ಮೇಲೆ ಒಂದೋ ಮಾರ್ಬೇಕು, ಇಲ್ಲಾ ಕೊಳ್ಬೇಕು.
ನೀವು ಎರಡೂ ಮಾಡ್ಲಿಲ್ಲ."

ಅವಳ ಮಗ ಜಟ್ಟು. ನನ್ನ ಪಟ್ಟಿಯಲ್ಲಿ ನೂರಾ ಹದಿನೇಳು.
ಹೋದ ಸಲ ಹಲಗೆಯ ಮೇಲೆ ಮಲಗಿಸಿದ್ದೆ, ಕಿರುಚಿದ್ದ.
ಈ ಸಲ ನಿಂತೇ ಅಳೆಸಿಕೊಂಡ.
ಆರು ಮರದ ತುಂಡು ಮುಂದಿಟ್ಟು
ಗೋಪುರ ಕಟ್ಟು ಎಂದೆ.
ಒಂದೊಂದನ್ನೂ ತಿರುಗಿಸಿ ನೋಡಿದ.
ಐದನ್ನು ಅವ್ವಿಯ ಬುಟ್ಟಿಗೆ ಹಾಕಿದ.
ಮೂಲೆ ಸವೆದು ಚಿಕ್ಕದಾಗಿದ್ದ ಆರನೆಯದನ್ನು
ಓಡಿಹೋಗಿ ಹೊಳೆಗೆ ಎಸೆದ.
"ಸಣ್ಣದು," ಎಂದ. "ಬೆಳೀಲಿ."

ಗೋಪುರ: ಸೊನ್ನೆ.
ಪರಿಕರ ನಷ್ಟ: ಒಂದು.

ಆದರೆ ಅವನ ತೋಳು ಹಸಿರಿನಲ್ಲಿತ್ತು.
ಹೋದ ಸಲ ಹಳದಿ, ಕೆಂಪಿಗೆ ಅಂಟಿಕೊಂಡ ಹಳದಿ.
ಪಟ್ಟಿ ಬಿಚ್ಚಿ ಮತ್ತೆ ಸುತ್ತಿದೆ.
ಪಕ್ಕದ ಮನೆಯ ಹುಡುಗಿಯದೂ ಹಸಿರು. ಅದರಾಚೆಯ ಮನೆಯದೂ.

ಪುಟ ಹತ್ತೊಂಬತ್ತು, ಪ್ರಶ್ನೆ ನಾಲ್ಕು:
ಕಳೆದ ಏಳು ದಿನದಲ್ಲಿ ಮಗು ಮೊಟ್ಟೆ ತಿಂದಿದೆಯೇ?
ಹೊನ್ನಮ್ಮ ಹೊಳೆಯ ಕಡೆ ನೋಡಿದಳು.
"ತಂಗಿ ಶಿವಿಯನ್ನ ತದಡಿಗೆ ಕೊಟ್ಟದ್ದು," ಎಂದಳು, ಅಷ್ಟೆ.

ಆಮೇಲೆ ಒಂದೊಂದಾಗಿ ಬಂತು ಮಾತು,
ದೋಣಿಯಲ್ಲಿ ಬಂದ ಹಾಗೆಯೇ:
ಸೆರಗಿನ ಗಂಟಿನಲ್ಲಿ ಅರ್ಧ ಮೊಟ್ಟೆ,
ಹಾರ್ಲಿಕ್ಸ್ ಬಾಟಲಿಯ ತಳದಲ್ಲಿ ಪುಡಿ,
ಟೀಚರಕ್ಕ ಕಲಿಸಿದ ಆಟವೂ ಬಂತು,
ಕನ್ನಡಿ ಹಿಡಿದು ಮೂಗೆಲ್ಲಿ ಎಂದು ಕೇಳುವುದು.
ಶಿವಿಯ ಮಗ ಅರ್ಧ, ಇವಳ ಮಗ ಅರ್ಧ.
ತದಡಿಗೆ ಕೊಟ್ಟ ಹೆಣ್ಣುಮಕ್ಕಳು ಈ ಊರಿನವರು ಹತ್ತೊಂಬತ್ತು.
"ಹೊಳೆ ಅಂದ್ರೆ ಬೇಲಿ ಅಂತ ಮಾಡ್ಕಂಡ್ರಾ?"

ಇದಕ್ಕೊಂದು ಹೆಸರಿದೆ. ಮೇಲ್ವಿಚಾರಕ ಫೋನಿನಲ್ಲಿ ಹೇಳಿದ:
ಮಾದರಿ ಮಲಿನವಾಗಿದೆ.
ಎರಡು ದಡದ ನಡುವೆ ಅಂತರವಿಲ್ಲ,
ಅಂತರವಿಲ್ಲದೆ ಪರಿಣಾಮವಿಲ್ಲ,
ಪರಿಣಾಮ ಕಾಣದಿದ್ದರೆ ಮುಂದಿನ ವರ್ಷ
ಮೊಟ್ಟೆ ಇಲ್ಲ, ಆ ದಡಕ್ಕೂ.
ಅವನ ಸ್ವರದಲ್ಲಿ ಬೇಸರವಿತ್ತು. ಅವನೂ ಒಳ್ಳೆಯವನೇ.

"ಶಿವಿ ಹೆಸರು ಬರೀತ್ರಾ?"
ಹೊನ್ನಮ್ಮನ ಕೈ ಬುಟ್ಟಿಯ ಅಂಚಿನಲ್ಲಿತ್ತು, ಉಗುರಿನ ತುಂಬ ಕೆಸರು.
ಬರೆದರೆ ಅಲ್ಲಿ ಯಾರೋ ಎದುರಿಗೆ ಕೂತು
ಇಡೀ ಮೊಟ್ಟೆ ತಿನ್ನಿಸಿಯೇ ಏಳುತ್ತಾರೆ.
ಬರೆಯದಿದ್ದರೆ ಹೊಳೆ ಲೆಕ್ಕಕ್ಕೆ ಬರುವುದಿಲ್ಲ.
ಷರಾ ಎಂಬ ಅಂಕಣ ಎರಡು ಬೆರಳಗಲ.
ಬರೆದೆ: ಎರಡೂ ದಡದವರು ಒಂದೇ ಪಾತ್ರೆಯಿಂದ ಉಣ್ಣುತ್ತಾರೆ,
ಬೆಳೆದಿದ್ದಾರೆ, ಹೆಸರು ಕೇಳಿಲ್ಲ.
ಕೊನೆಯ ಎರಡು ಪದ ಸುಳ್ಳು.

ಭರತ ಏರತೊಡಗಿತ್ತು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು.
ಮರದ ತುಂಡು ತೇಲುತ್ತ ಮತ್ತೆ ದಡಕ್ಕೆ ಬಂದಿತ್ತು.
ಜಟ್ಟು ಹೆಕ್ಕಿಕೊಂಡ. ಅಂಗೈಯಲ್ಲಿಟ್ಟು ನೋಡಿದ,
ನನಗಿಂತ ಹೆಚ್ಚು ಹೊತ್ತು.
ಇನ್ನೂ ಸಣ್ಣದು.
ಮತ್ತೆ ಎಸೆದ.